ಸೊಂಟದಿಂದ ನೆಲಕ್ಕೆ

"ಸೋಮವಾರ ಸಂಜೆಯೊಳಗೆ ಆ ನಕ್ಷೆಯ ಫೈಲು ಕಂಪನಿಯವರು ಕೊಟ್ಟಾಗ ಹೇಗಿತ್ತೋ ಹಾಗಾಗಬೇಕು," ಎಂದರು ಸಾಹೇಬರು. "ಮೊಣಕಾಲು, ಸೊಂಟ, ಎದೆ, ಒಂದೂ ಬೇಡ. ಬರೀ ಮೀಟರ್. ಮೀಟರ್ ಅಂತ ಬರೆದ್ರೆ ಯಾರೂ ತಿರುಗಿ ಕೇಳಲ್ಲ. ಸೊಂಟ ಅಂತ ಬರೆದ್ರೆ ಯಾರ ಸೊಂಟ ಅಂತಾರೆ."

ಸಾಹೇಬರು ಒಳಗೊಂದು ಇಟ್ಟುಕೊಂಡು ಹೊರಗೊಂದು ಹೇಳುವವರಲ್ಲ. ಅದಕ್ಕೆಲ್ಲ ಅವರಿಗೆ ಪುರುಸೊತ್ತೂ ಇರಲಿಲ್ಲ. ಆದರೆ ಯಾರ ಸೊಂಟ ಅನ್ನುವುದು ಆ ಕಚೇರಿಯಲ್ಲಿ ಈಗ ನೆನಪಿದ್ದದ್ದು ಮೇಜಿನ ಈಚೆ ನಿಂತಿದ್ದವಳೊಬ್ಬಳಿಗೇ. "ಆಗಲಿ ಸರ್" ಎಂದು ತನ್ನ ಜಾಗಕ್ಕೆ ಬಂದು ಕೂತಳು.

ಪ್ರವಾಹ ಇಳಿದು ಇಪ್ಪತ್ತೆರಡು ದಿನವಾಗಿತ್ತು. ನೀರಿನ ಇಲಾಖೆಯ ಎರಡನೇ ಮಹಡಿಯ ಆ ಕೋಣೆಯಲ್ಲಿ ಮೂರು ಕಂಪ್ಯೂಟರು, ಮಂಚದಷ್ಟು ಅಗಲದ ನಕ್ಷೆ ಮುದ್ರಿಸುವ ಯಂತ್ರ, ನೆಲದ ತುಂಬ ಒಣಗಲು ಹರಡಿದ ಕಡತಗಳು. ಊರಿಗೆಲ್ಲ ನೀರು ಎಲ್ಲಿ ಬರುತ್ತದೆಂದು ಹೇಳುವವರು ತಮ್ಮ ಕೆಳಮಹಡಿಯ ಕಪಾಟನ್ನು ಖಾಲಿ ಮಾಡಲು ಮರೆತಿದ್ದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಪಕ್ಕದ ವಿಭಾಗದವರು ಮೆಟ್ಟಿಲಿಳಿಯುತ್ತ ಆಡಿಕೊಂಡಿದ್ದರು.

ಅವಳನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಬಣ್ಣದ ಮೇಡಂ ಎಂದು. ನಕ್ಷೆಗೆ ಬಣ್ಣ ಕೊಟ್ಟವಳು ಅವಳು. ನೆಲದ ಏರುತಗ್ಗು, ಬೀಳುವ ಮಳೆ, ಕಾಲುವೆಯ ತೂಬುಗಳನ್ನೆಲ್ಲ ಉಣಿಸಿದರೆ, ಅವರ ಸಿಮ್ಯುಲೇಷನ್ ಸಾಫ್ಟ್‌ವೇರು ನಾಲ್ಕು ಗಂಟೆ ಗುರುಗುಟ್ಟಿ, ಯಾವ ಬೀದಿಯಲ್ಲಿ ಎಷ್ಟು ನೀರು ನಿಲ್ಲುತ್ತದೆಂದು ಚಿತ್ರ ಬಿಡಿಸಿ ಕೊಡುತ್ತಿತ್ತು. ಜಗತ್ತಿಗೆಲ್ಲ ಮಾರುವ ಸಾಮಾನಾದ್ದರಿಂದ ಅದರೊಳಗಿನ ಡೀಫಾಲ್ಟ್‌ಗಳು, ಅಂದರೆ ನಾವು ಬದಲಿಸದಿದ್ದರೆ ತಾನಾಗೇ ಬರುವ ಅಳತೆ ಬಣ್ಣಗಳು, ಯಾರವೂ ಅಲ್ಲ. ಇರುವೆಯಷ್ಟು ಅಕ್ಷರ, ಕಣ್ಣಿಗೆ ಹೊಡೆಯುವ ಬಣ್ಣ, ಪಕ್ಕದಲ್ಲಿ 'ಆಳ, ಮೀಟರ್‌ಗಳಲ್ಲಿ' ಎಂದೊಂದು ಲೇಬಲ್ಲು. ಆನೆ ನಡೆದದ್ದೇ ದಾರಿ ಎಂದು ಎಲ್ಲರೂ ಅದನ್ನೇ ಮುದ್ರಿಸಿ ಹಂಚುತ್ತಿದ್ದರು. ಆದರೆ ಆ ಸಾಫ್ಟ್‌ವೇರು ತೆರೆದಾಗಲೆಲ್ಲ ಮೊದಲು ಒಂದು ಸಣ್ಣ ಸೆಟ್ಟಿಂಗ್ಸ್ ಫೈಲು ಓದುತ್ತದೆ, ಅದರಲ್ಲಿ ನಾವು ಏನು ಬರೆದಿಡುತ್ತೇವೋ ಅದೇ ಕಂಪನಿಯ ಮಾತಿಗಿಂತ ಮೇಲು, ಎಂಬುದನ್ನು ಕೈಪಿಡಿಯ ಕೊನೆಯ ಪುಟಗಳಲ್ಲಿ ಹುಡುಕಿ ತೆಗೆದವಳು ಅವಳೇ.

ಅದಕ್ಕೊಂದು ಕಾರಣವಿತ್ತು. ಆರು ವರ್ಷದ ಹಿಂದೆ ಕಾಲುವೆಯ ಆಚೆ ದಂಡೆಯಲ್ಲಿ ಜನರ ಸಭೆ ಕರೆದು, ಪರದೆಯ ಮೇಲೆ ನಕ್ಷೆ ತೋರಿಸುತ್ತಿದ್ದಾಗ ಒಬ್ಬ ಮುದುಕ ಎದ್ದು ನಿಂತು, "ಒಂದು ಪಾಯಿಂಟ್ ಎರಡು ಅಂದ್ರೆ ಕಾಲು ತೊಳ್ಕೊಳ್ಳೋದಾ ಮುಳುಗಿ ಸಾಯೋದಾ, ಅದು ಹೇಳು ತಾಯಿ" ಎಂದು ಕೇಳಿದ್ದ. ಸಭೆಗೆ ಸಭೆಯೇ ನಕ್ಕಿತು. ಅವಳು ನಗದೆ, ತನ್ನ ಮೈಮೇಲೆ ಅಂಗೈ ಅಡ್ಡ ಹಿಡಿದು ಇಷ್ಟು ಎಂದು ತೋರಿಸಿದಳು. ಮುದುಕ ತಲೆಯಾಡಿಸಿ ಕೂತ. ಮೂರು ಗಂಟೆಯ ಸಭೆಯಲ್ಲಿ ಜನರಿಗೆ ಅರ್ಥವಾದದ್ದು ಅದೊಂದೇ.

ಮರುವಾರ ಅವಳು ಫೈಲು ತಿದ್ದಲು ಕೂತಳು. ಮೀಟರಿನ ಬದಲು ನಾಲ್ಕು ಲೇಬಲ್: ಮೊಣಕಾಲು, ಸೊಂಟ, ಎದೆ, ಆಳು ಮುಳುಗು. ನಾಲ್ಕಕ್ಕೆ ನಾಲ್ಕು ಬಣ್ಣ. ಇನ್ನು ಎಲ್ಲಿಗೆ ಮೊಣಕಾಲು ಮುಗಿದು ಎಲ್ಲಿಗೆ ಸೊಂಟ ಮುಗಿಯುತ್ತದೆ ಅನ್ನುವ ಅಂಕಿಗಳು ಬೇಕು. ಅಂಕಿಗೆ ಒಂದು ಆಳು ಬೇಕು. ಎಲ್ಲರ ಕಣ್ಣೂ ಕೋಲಣ್ಣನ ಮೇಲೆ ಬಿತ್ತು. ಅಳತೆಕೋಲು ಹಿಡಿದು ಹಳ್ಳ, ಕಾಲುವೆಗಳಿಗೆ ಇಳಿಯುವುದು ಅವನ ಉದ್ಯೋಗ. ಆ ಕೆಲಸಕ್ಕೆ ಇಲಾಖೆ ಉದ್ದನೆಯವರನ್ನೇ ಆರಿಸುತ್ತದೆ. ಗಿಡ್ಡನೆಯವನನ್ನು ನೀರಿಗಿಳಿಸಿ ಆಮೇಲೆ ಹುಡುಕುತ್ತ ಕೂರುವವರು ಯಾರು? ಆಗಷ್ಟೇ ಕಾಲುವೆಯಿಂದ ಬಂದಿದ್ದ ಕೋಲಣ್ಣನನ್ನು ಗಂಬೂಟು ಸಮೇತ ಗೋಡೆಗೆ ನಿಲ್ಲಿಸಿ ಟೇಪು ಹಿಡಿದರು. "ಹುಷಾರು, ಕಚಗುಳಿ ಆಗತ್ತೆ" ಎಂದು ಅವನು ಕುಣಿದ. ಸೊಂಟಕ್ಕೆ ನೂರಾ ಹದಿನೈದು ಸೆಂಟಿಮೀಟರ್ ಬಂತು. ಅವಳು ನಗುನಗುತ್ತ ಅದನ್ನೇ ಫೈಲಿಗೆ ತುಂಬಿದಳು. ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಆ ಸಾಲನ್ನು ಸಾಫ್ಟ್‌ವೇರು ಓದದೆ ದಾಟಿಹೋಗುತ್ತದೆ. ಅಂಥ ಒಂದು ಸಾಲಿನಲ್ಲಿ 'ಅಳತೆ: ಕೋಲಣ್ಣ, ಗಂಬೂಟು ಸಮೇತ' ಎಂದು ತಮಾಷೆಗೆ ಬರೆದಿಟ್ಟಳು. ಆ ಸಾಲನ್ನು ಯಂತ್ರವೂ ಓದಲಿಲ್ಲ, ಮನುಷ್ಯರೂ ಓದಲಿಲ್ಲ. ಕೋಲಣ್ಣ ನಿವೃತ್ತನಾಗಿ ಮಗಳ ಊರಿಗೆ ಹೋಗಿ ಎರಡು ವರ್ಷವಾಯಿತು. ಅವನ ಸೊಂಟ ಮಾತ್ರ ಫೈಲಿನಲ್ಲೇ ಉಳಿದಿತ್ತು.

ನಕ್ಷೆ ಜನರಿಗೆ ಹಿಡಿಸಿತು. ಮನೆಮನೆಯ ಬಾಗಿಲ ಹಿಂದೆ ಅಂಟಿಸಿಕೊಂಡರು. ಅದರ ಜೊತೆಗೊಂದು ಸೂಚನೆಯ ಚೀಟಿ ಇರುತ್ತಿತ್ತು: ಮೊಣಕಾಲು ಎಂದಿದ್ದ ಬೀದಿಯವರು ಮನೆಯಲ್ಲೇ ಇರಿ, ಸೊಂಟ ಎಂದಿದ್ದವರು ಹೇಳಿದಾಗ ಕಟ್ಟಿದ ಹಗ್ಗ ಹಿಡಿದು ನಡೆದು ಬನ್ನಿ, ಎದೆ ಎಂದಿದ್ದವರನ್ನು ಹಿಂದಿನ ದಿನವೇ ಲಾರಿ, ದೋಣಿಗಳಲ್ಲಿ ಸಾಗಿಸುತ್ತೇವೆ. ಮೇಲಿನವರು ಬಂದು ಬೆನ್ನು ತಟ್ಟಿದರು. ಅವಳಿಗೆ ಹೆಮ್ಮೆಯಾಯಿತು. ಆಗದೆ ಏನು, ಮೈಮುರಿದು ಮಾಡಿದ ಕೆಲಸ.

ಅವಳ ಅಕ್ಕನ ಮನೆ ಕಾಲುವೆ ಓಣಿಯಲ್ಲಿತ್ತು. ಅಕ್ಕ ಬಟ್ಟೆ ಹೊಲಿಯುವವಳು. ಓಣಿಯವರೆಲ್ಲ ಕುಳ್ಳಕ್ಕ ಎಂದೇ ಕರೆಯುತ್ತಿದ್ದರು, ಅವಳೂ ಓ ಎನ್ನುತ್ತಿದ್ದಳು. ಚಿಕ್ಕವಳು ಎತ್ತರ, ದೊಡ್ಡವಳು ಗಿಡ್ಡ. ಇಬ್ಬರೂ ಒಟ್ಟಿಗೆ ನಡೆದರೆ ನೋಡಿದವರು ತಾಯಿ ಮಗಳೆಂದುಕೊಳ್ಳುತ್ತಿದ್ದರು, ಅದೂ ತಲೆಕೆಳಗಾಗಿ. ಅಪ್ಪ ಅಮ್ಮ ಹೋದಮೇಲೆ ಅವಳಿಗೆ ಮನೆಯೆಂದರೆ ಅಕ್ಕನ ಮನೆ, ಅಡುಗೆಮನೆಯೆಂದರೆ ಅಕ್ಕನ ಅಡುಗೆಮನೆ. ಭಾವ ಶಾಲೆಯ ವ್ಯಾನು ಓಡಿಸುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಭಾನುವಾರ ಅವಳು ಹೋಗುವುದು ಸ್ವಲ್ಪ ತಡವಾದರೆ ಭಾವನೇ ಫೋನ್ ಮಾಡಿ, "ಏನು, ದೊಡ್ಡ ಮನುಷ್ಯರು ಬರ್ತೀರೋ ಇಲ್ಲವೋ" ಎನ್ನುತ್ತಿದ್ದರು.

ಐದು ತಿಂಗಳ ಹಿಂದೆ, ಹೊಸ ನಕ್ಷೆ ಓಣಿಗೆ ಬಂದ ದಿನ, ಅಕ್ಕ ಫೋನ್ ಮಾಡಿದ್ದಳು.

"ನಮ್ಮ ಓಣಿಗೆ ಸೊಂಟ ಅಂತ ಹಾಕಿದೀಯಲ್ಲ, ಯಾರ ಅಳತೆನೇ ಇದು?"

"ಕೋಲಣ್ಣಂದು. ಗಂಬೂಟು ಸಮೇತ," ಎಂದು ಅವಳು ನಕ್ಕಿದ್ದಳು.

"ಆ ತೆಂಗಿನಮರದ್ದಾ? ಅವನ ಪ್ಯಾಂಟಿಗೆ ನಾನು ನಲವತ್ತನಾಲ್ಕು ಇಂಚು ಉದ್ದ ಇಡ್ತಿದ್ದೆ ಕಣೆ. ಅಷ್ಟು ನೀರು ಬಂದ್ರೆ ನಮ್ಮ ಓಣೀಲಿ ಎಷ್ಟು ಜನಕ್ಕೆ ಮೂಗಿಗೆ ಬರತ್ತೆ ಗೊತ್ತಾ ನಿನಗೆ?"

"ಅಕ್ಕಾ, ಇದು ಅಂಗಿ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು ಅಳತೆ ಇಡೋಕೆ. ಡೀಫಾಲ್ಟ್ ಅಂದ್ರೆ ಹಾಗೇನೇ. ಎಲ್ಲೋ ಒಂದು ಕಡೆ ಗೆರೆ ಹಾಕಲೇಬೇಕು. ನಿನ್ನ ಕೆಲಸ ನೀನು ನೋಡ್ಕೋ."

"ಆಯ್ತಪ್ಪ, ಓದಿದೋರು," ಎಂದು ಅಕ್ಕ ಮಾತು ಬದಲಿಸಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಡೆದ ಸದ್ದು ಆಗ ಕೇಳಿಸಿರಲಿಲ್ಲ, ಅಷ್ಟೆ. ಪ್ರವಾಹದ ಹಿಂದಿನ ಸಂಜೆ ಅಕ್ಕ ಎರಡು ಸಲ ಫೋನ್ ಮಾಡಿದಳು. ಕಚೇರಿಯಲ್ಲಿ ಉಸಿರಾಡಲೂ ಬಿಡುವಿರಲಿಲ್ಲ, ಅವಳು ಎತ್ತಲಿಲ್ಲ. ಬದಲಿಗೆ ಒಂದು ಸಾಲು ಬರೆದು ಕಳಿಸಿದಳು: 'ನಿಮ್ಮದು ಸೊಂಟ ಅಕ್ಕ, ಹೆದರಬೇಡ.' ಮರುದಿನ ಬೆಳಗ್ಗೆ ಹತ್ತು ಗಂಟೆಗೆ, ಹೊರಡಿ ಎಂದಾಗ, ಓಣಿಯವರು ಹಗ್ಗ ಹಿಡಿದು ಸಾಲಾಗಿ ಹೊರಟರು. ಮುಂದಿದ್ದವರಿಗೆ ನೀರು ಸೊಂಟಕ್ಕಿತ್ತು. ಹಿಂದಿದ್ದ ಅಕ್ಕನಿಗೆ ಎದೆಗೆ ಬಂತು, ಕಾಲು ನೆಲ ಬಿಟ್ಟಿತು. ತಿರುಗಿ ನೋಡುವಷ್ಟರಲ್ಲಿ ಹಗ್ಗ ಇತ್ತು, ಅಕ್ಕ ಇರಲಿಲ್ಲ. ಮಾರನೆಯ ದಿನ ತೂಬಿನ ಜಾಲರಿಯ ಹತ್ತಿರ ಸಿಕ್ಕಳು.

ಇಬ್ಬರು ಅಧಿಕಾರಿಗಳು ಬಂದು ವಿಚಾರಣೆ ನಡೆಸಿದರು. ಸಿಮ್ಯುಲೇಷನ್ ಹೇಳಿದ್ದು ನೂರಾ ಎಂಟು ಸೆಂಟಿಮೀಟರ್, ಗೋಡೆಯ ಕೆಸರಿನ ಗೆರೆ ಅಳೆದರೆ ನೂರಾ ಆರು. ಲೆಕ್ಕ ಕರಾರುವಾಕ್ಕಾಗಿತ್ತು. ವರದಿಯಲ್ಲಿ 'ಮಾದರಿ ತೃಪ್ತಿಕರ' ಎಂದು ಬರೆದು ಸಹಿ ಹಾಕಿ ಹೋದರು. ಅವರು ಆಳ ಕೇಳಿದರು, ಅವಳು ಆಳ ಹೇಳಿದಳು. ಸೊಂಟ ಯಾರದೆಂದು ಅವರು ಕೇಳಲೂ ಇಲ್ಲ, ಇವಳು ಹೇಳಲೂ ಇಲ್ಲ. ಭಾವನಿಗೆ ಹೇಳಬೇಕು, ಹೇಳಿದರೆ ಲೋಕದಲ್ಲಿ ತನ್ನವರೆಂದು ಉಳಿದಿರುವ ಒಬ್ಬರೂ ಕೈತಪ್ಪುತ್ತಾರೆ. ಈಗ ಸಾಹೇಬರು ಫೈಲನ್ನೇ ಅಳಿಸು ಎನ್ನುತ್ತಿದ್ದಾರೆ. ಅಳಿಸಿದರೆ ಹೇಳುವ ಪ್ರಮೇಯವೇ ಬರುವುದಿಲ್ಲ. ಮೀಟರು ಯಾರ ಮೈಯೂ ಅಲ್ಲ.

ಅಳೆದೂ ಸುರಿದೂ ಶನಿವಾರ ಮಧ್ಯಾಹ್ನ ಅವಳು ಓಣಿಗೆ ಹೋದಳು.

ಭಾವ ಮುಂದಿನ ಕೋಣೆಯಲ್ಲಿ ಬಟ್ಟೆಯ ಗಂಟುಗಳ ನಡುವೆ ಕೂತಿದ್ದರು. ಗಂಟುಗಳು ನೆಂದಿರಲಿಲ್ಲ. ಅಕ್ಕ ಅವನ್ನೆಲ್ಲ ಅಟ್ಟದ ಮೇಲೇರಿಸಿಟ್ಟೇ ಹೊರಟಿದ್ದಳು. ಗೋಡೆಗಳ ಮೇಲೆ ಕೆಸರಿನ ಗೆರೆ ಅಡ್ಡಡ್ಡ ಓಡಿತ್ತು. ಹೊಲಿಗೆ ಯಂತ್ರವನ್ನು ಯಾರೋ ಬಿಚ್ಚಿ ಎಣ್ಣೆ ಹಚ್ಚಿ ಹಳೆಯ ಹಾಸಿನ ಮೇಲೆ ಇಟ್ಟಿದ್ದರು.

"ಬಂದ್ಯಾ? ಬಾ, ಕೂತ್ಕೋ. ಒಳ್ಳೆ ಹೊತ್ತಿಗೆ ಬಂದೆ," ಎಂದರು ಭಾವ. ದನಿ ಇಳಿದುಹೋಗಿತ್ತು. "ಗಿರಾಕಿಗಳದ್ದು ಬಟ್ಟೆ ವಾಪಸ್ ಕೊಡಬೇಕು. ಯಾವುದು ಯಾರದ್ದು ಅಂತ ಅವಳ ಪುಸ್ತಕ ನೋಡಿದ್ರೆ ಒಂದಕ್ಷರ ತಿಳಿಯಲ್ಲ ನನಗೆ. ಕೋಳಿ ಕೆರೆದ ಹಾಗಿದೆ. ನಿನಗೆ ಅಭ್ಯಾಸ ಇದೆಯಲ್ಲ, ಓದಿ ಹೇಳು."

ಉದ್ದನೆಯ ಅಳತೆ ಪುಸ್ತಕ. ಒಂದೊಂದು ಸಾಲಿಗೆ ಒಬ್ಬೊಬ್ಬರು: ಭುಜ, ಎದೆ, ಸುತ್ತಳತೆ, ತೋಳು, ಮತ್ತೆ ಲಂಗಕ್ಕೂ ಪ್ಯಾಂಟಿಗೂ ಬೇಕಾಗುವ ಸೊಂಟದಿಂದ ನೆಲಕ್ಕೆ. ಮೂಲೆಮನೆ ಅಜ್ಜಿ. ಹಾಲಿನವನ ಹೆಂಡತಿ. ಅವಳಿಗಳು. ಅವಳು ಓದುತ್ತ ಹೋದಳು, ಭಾವ ಗಂಟಿನ ಮೇಲೆ ಚೀಟಿ ಅಂಟಿಸುತ್ತ ಹೋದರು. ಎಷ್ಟೋ ದಿನದ ಮೇಲೆ ಇಬ್ಬರಿಗೂ ಕೈತುಂಬ ಒಂದು ಕೆಲಸ ಸಿಕ್ಕಿತ್ತು. ಅರ್ಧ ಗಂಟುಗಳು ಮುಗಿದ ಮೇಲೆ ಕೊನೆಯ ಪುಟ ಬಂತು. ಅದು ಗಿರಾಕಿಗಳ ಪುಟವಲ್ಲ. ಪೆನ್ಸಿಲಿನಲ್ಲಿ ಮೇಲೆ 'ಕೋಲಣ್ಣ 44' ಎಂದು ಬರೆದು ಕೆಳಗೆರಡು ಗೆರೆ ಎಳೆದಿತ್ತು. ಅದರ ಕೆಳಗೆ ಸಾಲಾಗಿ: ಅಜ್ಜಿ, ಎದೆ. ಅವಳಿಗಳು, ಬಾಯಿ. ಹಾಲಿನವನ ಕಿರಿಮಗ, ಮುಳುಗು. ಒಟ್ಟು ಹನ್ನೊಂದು ಜನ.

"ಅದೇ ಅದೇ, ಆ ಪುಟ," ಎಂದರು ಭಾವ. ಮೊದಲ ಸಲ ಅವರ ಮುಖದಲ್ಲಿ ಒಂದಿಷ್ಟು ಜೀವ ಕಾಣಿಸಿತು. "ಹಿಂದಿನ ಸಂಜೆ ಆ ಪುಟ ಹಿಡ್ಕೊಂಡು ಮನೆಮನೆ ಸುತ್ತಿದಳು. 'ನಕ್ಷೇಲಿ ಸೊಂಟ ಅಂತಿದೆ, ನಿಮಗದು ಸೊಂಟ ಅಲ್ಲ, ಹೊರಡಿ' ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ನನ್ನ ವ್ಯಾನಿಗೆ ತುಂಬಿದಳು. ನಾನು ಬೈದೆ, ನಿನಗ್ಯಾಕೆ ಊರ ಉಸಾಬರಿ ಅಂತ. ಹನ್ನೊಂದೂ ಜನ ಬದುಕಿದಾರೆ ಇವತ್ತು. ಅಜ್ಜಿ ದಿನಾ ಬಂದು ಬಾಗಿಲಲ್ಲಿ ಕೂತು ಅಳ್ತಾಳೆ."

"ಅಕ್ಕ ಯಾಕೆ ಆವತ್ತೇ ಹೊರಡಲಿಲ್ಲ ಭಾವ?"

"ಕರೆದೆ. ಸೀಟೂ ಇತ್ತು. ಬಟ್ಟೆ ಎತ್ತಿಡಬೇಕು, ಜನರ ಸೊತ್ತು, ನಾಳೆ ಎಲ್ಲರ ಜೊತೆ ಬರ್ತೀನಿ ಅಂದಳು. ಅವರನ್ನ ಬಿಟ್ಟು ಬರೋವಷ್ಟರಲ್ಲಿ ಸೇತುವೆ ಮುಚ್ಚಿದ್ರು." ಭಾವ ಕೈಲಿದ್ದ ಚೀಟಿಗೆ ಅಂಟು ಹಚ್ಚಿದರು. "ಹೆದರಬೇಡ, ನನ್ನ ತಂಗೀನೇ ಲೆಕ್ಕ ಹಾಕಿದಾಳೆ ಅಂತ ನಗ್ತಾ ಕಳಿಸಿದಳು ನನ್ನ."

ಹನ್ನೊಂದು ಸಾಲುಗಳಲ್ಲಿ ಅಕ್ಕನ ಸಾಲು ಇರಲಿಲ್ಲ. ದೀಪದ ಬುಡ ಕತ್ತಲು. ಅವಳು ಪುಟದ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತಳು.

"ಒಂದೇ ನನಗೆ ಅರ್ಥ ಆಗಿಲ್ಲ," ಎಂದರು ಭಾವ. "ಈ ಕೋಲಣ್ಣ ಇದರಲ್ಲಿ ಯಾಕೆ ಬಂದ? ಅವನು ಊರು ಬಿಟ್ಟು ಎರಡು ವರ್ಷ ಆಯ್ತಲ್ಲ."

ಗೊತ್ತಿಲ್ಲ ಭಾವ ಎಂದಿದ್ದರೆ ಮುಗಿದಿತ್ತು. ಚಹಾ ಕುಡಿದು, ಉಳಿದ ಗಂಟು ಕಟ್ಟಿ, ಭಾನುವಾರ ಬರುತ್ತೇನೆ ಎಂದು ಏಳಬಹುದಿತ್ತು. ಅವಳ ನಾಲಿಗೆ ಅತ್ತ ಹೊರಳಲೂ ನೋಡಿತು.

"ನಕ್ಷೇಲಿರೋ ಸೊಂಟ ಅವನದ್ದು ಭಾವ," ಎಂದಳು. "ಅದು ಕಂಪ್ಯೂಟರ್ ಹೇಳಿದ್ದಲ್ಲ. ಕಂಪ್ಯೂಟರ್ ಬರೀ ಮೀಟರ್ ಹೇಳತ್ತೆ. ಯಾವ ಅಂಕಿಗೆ ಸೊಂಟ ಅನ್ನಬೇಕು ಅಂತ ಫೈಲಲ್ಲಿ ಬರೆದೋಳು ನಾನು. ಅವನನ್ನ ಗಂಬೂಟಲ್ಲಿ ನಿಲ್ಲಿಸಿ ಅಳೆದೆ."

ಭಾವನ ಕೈಯಲ್ಲಿದ್ದ ಚೀಟಿ ಅಲ್ಲೇ ನಿಂತಿತು. "ಅವಳಿಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು. ಫೋನ್ ಮಾಡಿ ಕೇಳಿದ್ದಳು. ಇಷ್ಟು ಜನಕ್ಕೆ ಮೂಗಿಗೆ ಬರತ್ತೆ ಅಂದಳು. ನಾನು ನಕ್ಕೆ. ನಿನ್ನ ಕೆಲಸ ನೀನು ನೋಡ್ಕೋ ಅಂದೆ." ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಮಾಡುವುದೇನು? "ಹಿಂದಿನ ಸಂಜೆ ಎರಡು ಸಲ ಕರೆದಳು, ನಾನು ಎತ್ತಲಿಲ್ಲ. ಹೆದರಬೇಡ ಅಂತ ಬರೆದು ಕಳಿಸಿದೆ."

ಹೊರಗೆ ಯಾರೋ ಕೆಸರು ಕೆರೆಯುವ ಸಲಿಕೆಯ ಸದ್ದು ಬರುತ್ತಿತ್ತು. ಭಾವ ಎದ್ದರು. ಅವಳ ತೊಡೆಯ ಮೇಲಿದ್ದ ಪುಸ್ತಕವನ್ನು ತೆಗೆದುಕೊಂಡು, ಮುಚ್ಚಿ, ಕಂಕುಳಲ್ಲಿ ಇಟ್ಟುಕೊಂಡರು.

"ಹೋಗು," ಎಂದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಈಗ ಹೋಗು ನೀನು."

ಭಾನುವಾರ ಅವಳಿಗೆ ಯಾವ ಫೋನೂ ಬರಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಸಾಹೇಬರ ಮುಂದೆ ಫೈಲು ತೆರೆದು, ಯಾರೂ ಓದದ ಆ ಸಾಲನ್ನು ತೋರಿಸಿ, ಎಲ್ಲವನ್ನೂ ಹೇಳಿದಳು. ಓಣಿಯಲ್ಲಿ ಸತ್ತವಳು ತನ್ನ ಅಕ್ಕ ಎಂಬುದನ್ನೂ ಹೇಳಿದಳು. ಅವರಿಗೆ ಅದು ಗೊತ್ತಿರಲಿಲ್ಲ. ಮೂರು ದಿನ ರಜೆ ಕೇಳಿದಾಗ ಮನೆಯಲ್ಲಿ ಸಾವು ಎಂದಷ್ಟೇ ಬರೆದಿದ್ದಳು.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ವರದಿ ಬಂದಾಯ್ತು. ನಿನ್ನ ಮೇಲೆ ಏನೂ ಇಲ್ಲ. ಆ ಸಾಲು ಅಳಿಸಿಬಿಡು. ಕಂಪನಿಯ ಡೀಫಾಲ್ಟ್‌ಗೆ ಹೋದ್ರೆ ನೀನೂ ಕ್ಷೇಮ, ನಾನೂ ಕ್ಷೇಮ. ಗಾಯ ಕೆರ್ಕೊಂಡು ಯಾರಿಗೆ ಲಾಭ?"

"ಮೀಟರ್ ಹಾಕಿದ್ರೆ ನಾವು ಕ್ಷೇಮ ಸರ್. ಓಣಿಯವರಲ್ಲ. ಅವರಿಗೆ ಅದು ಅರ್ಥಾನೇ ಆಗಲ್ಲ. ನಮ್ಮ ಅಕ್ಕ ಹನ್ನೊಂದು ಜನರನ್ನ ಉಳಿಸಿದ್ದು ಸೊಂಟ ಅಂತ ಬರೆದಿತ್ತು ಅಂತಾನೇ. ಮೀಟರ್ ಇದ್ದಿದ್ರೆ ಜಗಳ ಆಡೋಕೂ ಅವಳಿಗೆ ಏನೂ ಸಿಗ್ತಿರಲಿಲ್ಲ. ಪದ ತಪ್ಪಲ್ಲ ಸರ್, ನಾನು ನಿಲ್ಲಿಸಿದ ಆಳು ತಪ್ಪು. ಬೀದಿಗೆ ಅತಿ ಕುಳ್ಳಗಿರೋ ದೊಡ್ಡವರು ಯಾರೋ ಅವರ ಅಳತೆ ಹಾಕ್ತೀನಿ. ಯಾರ ಅಳತೆ ಅಂತ ನಕ್ಷೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೀತೀನಿ."

"ಇನ್ನೊಂದು ಸಲ ಹೆಚ್ಚುಕಡಿಮೆ ಆದ್ರೆ?"

"ನನ್ನ ಹೆಸರು ಇರಲಿ."

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. ಒಳ್ಳೆಯವರೇ, ಆದರೆ ನಿವೃತ್ತಿಗೆ ಎಂಟು ತಿಂಗಳಿತ್ತು. "ಬರೆದು ಕೊಡು. ಶುಕ್ರವಾರದವರೆಗೆ ಟೈಮು," ಎಂದರು.

ಬರೆದು ಕೊಟ್ಟಳು. ಆಮೇಲೆ ಕಷ್ಟ ಶುರುವಾಯಿತು. ಅವಳಿಗೆ ಬೇಕಾದ ಅಂಕಿಗಳೆಲ್ಲ, ಒಂದೂ ಬಿಡದಂತೆ, ಅಕ್ಕನ ಪುಸ್ತಕದಲ್ಲಿದ್ದವು. ಅದನ್ನು ಕೇಳಲು ಮುಖವಿರಲಿಲ್ಲ. ಮಂಗಳವಾರ ಅವಳೇ ಅಂಗಡಿಯಲ್ಲಿ ಒಂದು ಟೇಪು ಕೊಂಡು ಓಣಿಗೆ ಹೋದಳು. ಅಕ್ಕನ ಮನೆಯ ಬಾಗಿಲು ದಾಟಿ, ಓಣಿಯ ತುದಿಯಿಂದ ಶುರುಮಾಡಿದಳು.

ಹೆಂಗಸರು ಮೊದಲು ಅನುಮಾನದಿಂದ ನೋಡಿದರು. ಕುಳ್ಳಕ್ಕನ ತಂಗಿ ಎಂದು ಗುರುತು ಹಿಡಿದ ಮೇಲೆ ತಾವೇ ಹೊರಗೆ ಬಂದು ನಿಂತರು. ಅವಳು ಒದ್ದೆ ನೆಲದ ಮೇಲೆ ಮಂಡಿಯೂರಿ ಒಬ್ಬೊಬ್ಬರನ್ನೇ ಅಳೆದಳು: ಮೊಣಕಾಲಿಂದ ನೆಲಕ್ಕೆ, ಸೊಂಟದಿಂದ ನೆಲಕ್ಕೆ, ಎದೆಯಿಂದ ನೆಲಕ್ಕೆ. ಅಭ್ಯಾಸವಿಲ್ಲದ ಕೈ, ಟೇಪು ಜಾರುತ್ತಿತ್ತು, ತಿರುಚಿಕೊಳ್ಳುತ್ತಿತ್ತು. ಅವಳಿಗಳು ಅಳೆಯುವಾಗ ತುದಿಗಾಲಲ್ಲಿ ನಿಂತವು. ಮೂಲೆಮನೆ ಅಜ್ಜಿ ಅವಳ ತಲೆ ನೇವರಿಸಿ, "ನಿಮ್ಮಕ್ಕ ಹೀಗೇ ಕೂತ್ಕೋತಿದ್ದಳು" ಎಂದಳು. ಅವಳಿಗೆ ಅಂಕಿ ಕಾಣಿಸದಷ್ಟು ಕಣ್ಣು ತುಂಬಿತು. ಎರಡು ಸಲ ಅಳೆಯಬೇಕಾಯಿತು.

ಏಳನೆಯ ಮನೆಯ ಹೊತ್ತಿಗೆ ಬೆನ್ನ ಹಿಂದೆ ಯಾರೋ ನಿಂತಂತಾಯಿತು.

"ಟೇಪು ಸಡಿಲ ಹಿಡಿದಿದೀಯ," ಎಂದರು ಭಾವ. "ಅಷ್ಟು ಸಡಿಲ ಹಿಡಿದ್ರೆ ಒಂದು ಇಂಚು ಸುಳ್ಳು ಹೇಳತ್ತೆ."

ಅವಳು ಎದ್ದು ನಿಂತಳು. ಭಾವ ಅವಳ ಮುಖ ನೋಡಲಿಲ್ಲ. ಅಳತೆ ಪುಸ್ತಕವನ್ನು ಜಗಲಿಯ ಮೇಲಿಟ್ಟರು.

"ಹೊಟ್ಟೆಗೆ ಹಾಕ್ಕೊಂಡೆ ಅಂತ ತಿಳ್ಕೋಬೇಡ. ಆಗಿಲ್ಲ ನನ್ನ ಕೈಲಿ. ಆಗತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಆದ್ರೆ ಅವಳು ಬರೆದಿಟ್ಟ ಅಳತೆ ಸುಮ್ಮನೆ ಬಿದ್ದಿರಬಾರದು."

"ಸರಿ ಭಾವ."

"ಏನು ಹಾಕ್ತೀಯ ನಕ್ಷೇಲಿ?"

"ಓಣೀಲಿ ಎಲ್ಲರಿಗಿಂತ ಕುಳ್ಳಗಿರೋ ದೊಡ್ಡವರ ಅಳತೆ."

"ಹಾಗಾದ್ರೆ ಅವಳೇ," ಎಂದರು ಭಾವ. "ಅಜ್ಜಿ ಬೆನ್ನು ಬಾಗಿದ್ರೂ ಇವಳಿಗಿಂತ ಒಂದು ಬೆರಳು ಮೇಲೆ. ನಾನೇ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ರೇಗಿಸ್ತಿದ್ದೆ."

ಅವಳು ಪುಸ್ತಕ ತಿರುವಿದಳು. ಮೊದಲಿಂದ ಕೊನೆಯವರೆಗೆ, ಮತ್ತೆ ಕೊನೆಯಿಂದ ಮೊದಲಿಗೆ. ನೂರಾರು ಸಾಲು, ಎಲ್ಲೂ ಅಕ್ಕ ಇಲ್ಲ. ಬಟ್ಟೆ ಹೊಲಿಯುವವಳು ತನ್ನ ಅಳತೆಯನ್ನು ಯಾಕೆ ಬರೆದಿಟ್ಟುಕೊಳ್ಳುತ್ತಾಳೆ? ಅದು ಅವಳ ಕೈಗೆ ಗೊತ್ತಿರುತ್ತದೆ. ಅವಳು ಉಡುತ್ತಿದ್ದ ಬಟ್ಟೆಗಳೆಲ್ಲ ಅವಳ ಜೊತೆಗೇ ಹೋದವು, ಇಲ್ಲವೇ ಕೆಸರಿನಲ್ಲಿ ಹೋದವು.

"ಇದರಲ್ಲಿ ಅಕ್ಕಂದು ಇಲ್ಲ ಭಾವ," ಎಂದಳು.

ಭಾವ ಚಪ್ಪಲಿ ಬಿಟ್ಟು, ಜಗಲಿಯ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತರು. ತಲೆಯನ್ನು ತುಸು ಬಗ್ಗಿಸಿ, ಎದುರಿಗೆ ಯಾರೋ ಬಂದು ನಿಂತಿರುವಂತೆ ನೋಡಿ, ಬಲಗೈಯ ಅಂಗೈಯನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡರು. ಸರಿಯಿಲ್ಲವೆನಿಸಿ ಒಂದು ಬೆರಳಿನಷ್ಟು ಕೆಳಗಿಳಿಸಿದರು.

"ಇಲ್ಲಿಗೆ ಬರ್ತಿತ್ತು ಅವಳ ತಲೆ," ಎಂದರು. "ಇದನ್ನ ಅಳೆ. ತಲೆ ಎಲ್ಲಿ ಅಂತ ಗೊತ್ತಾದ್ರೆ ಉಳಿದದ್ದು ನೀನೇ ಲೆಕ್ಕ ಹಾಕು."

ಅವಳು ಮಂಡಿಯೂರಿದಳು. ಟೇಪಿನ ಒಂದು ತುದಿಯನ್ನು ಭಾವನ ಬರಿಗಾಲಿನ ಪಕ್ಕ ನೆಲಕ್ಕೆ ಒತ್ತಿ, ಇನ್ನೊಂದನ್ನು ಬಿಗಿಯಾಗಿ ಹಿಡಿದು ಮೇಲಕ್ಕೆ ಒಯ್ದು, ಅವರ ಅಂಗೈಗೆ ತಾಗಿಸಿದಳು. ನೂರಾ ನಲವತ್ತೊಂದು ಸೆಂಟಿಮೀಟರ್. ಪುಸ್ತಕದ ಕೊನೆಯ ಪುಟದಲ್ಲಿ, ಹನ್ನೊಂದನೆಯ ಸಾಲಿನ ಕೆಳಗೆ ಬರೆದುಕೊಂಡಳು.

"ಆಯ್ತು ಭಾವ," ಎಂದಳು.

ಭಾವ ಕೈ ತೆಗೆಯಲಿಲ್ಲ.